ಕೆರೆಯಿಂದ ಗಿರಿಗೆ: ಚಿಕ್ಕಮಗಳೂರಿನ ಸೈಕಲ್ ದಾರಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಿಗೆ ಸೈಕಲ್ ತರುವವರಲ್ಲಿ ಹೆಚ್ಚಿನವರು ಮೊದಲ ಬೆಳಿಗ್ಗೆಯೇ ಮುಳ್ಳಯ್ಯನಗಿರಿಯ ಕಡೆ ಹೊರಡುತ್ತಾರೆ. ಹಿಂದಿನ ರಾತ್ರಿಯ ಪ್ರಯಾಣದ ಆಯಾಸ ಮೈಯಲ್ಲೇ ಇರುತ್ತದೆ, ಸೈಕಲ್ಲಿನ ಗೇರು ಬ್ರೇಕುಗಳು ಪರೀಕ್ಷೆಗೆ ಒಳಗಾಗಿರುವುದಿಲ್ಲ, ಏರು ಎಷ್ಟು ಕಡಿದು ಎಂಬ ಅಂದಾಜೂ ಇರುವುದಿಲ್ಲ. ಅರ್ಧ ಘಾಟಿಯಲ್ಲಿ ಕಾಲು ಸೋಲುತ್ತದೆ, ಉಳಿದ ದಿನಗಳು ಮಂಡಿನೋವಿನಲ್ಲಿ ಕಳೆಯುತ್ತವೆ. ಈ ಸೀಮೆಯನ್ನು ಸೈಕಲ್ ಮೇಲೆ ನೋಡುವುದಕ್ಕೆ ಒಂದು ಕ್ರಮವಿದೆ: ಮೊದಲು ಕೆರೆ, ಆಮೇಲೆ ಗಿರಿ. ಬೆಟ್ಟದಿಂದ ಇಳಿದ ನೀರು ನಿಂತ ಕೆರೆಗಳು ತಪ್ಪಲಿನಲ್ಲಿವೆ. ಅವುಗಳನ್ನು ಮುಟ್ಟುವ ದಾರಿಗಳು ಸೌಮ್ಯ. ಅಲ್ಲಿ ಎರಡು ದಿನ ತುಳಿದರೆ ಕಾಲೂ ಸೈಕಲ್ಲೂ ಹದಕ್ಕೆ ಬರುತ್ತವೆ, ಗಿರಿಯ ದಿನ ಸುತ್ತ ನೋಡುವುದಕ್ಕೂ ಉಸಿರು ಉಳಿದಿರುತ್ತದೆ.

ಇಲ್ಲಿರುವುದು ನಾಲ್ಕು ದಿನದ ಯೋಜನೆ. ಎರಡೇ ದಿನ ಇದ್ದರೆ ಅಯ್ಯನಕೆರೆ ಮತ್ತು ಗಿರಿಯ ದಾರಿಗಳನ್ನು ಉಳಿಸಿಕೊಳ್ಳಿ.

ನೆಲ ಮತ್ತು ಮಳೆ

ಚಂದ್ರದ್ರೋಣ ಪರ್ವತ, ಅಂದರೆ ಬಾಬಾಬುಡನ್ ಗಿರಿಶ್ರೇಣಿ, ಪಟ್ಟಣದ ಉತ್ತರಕ್ಕೆ ಕುದುರೆಲಾಳದ ಆಕಾರದಲ್ಲಿ ಬಾಗಿ ನಿಂತಿದೆ. ಬಾಗಿನ ಒಳಗಿರುವುದು ಜಾಗರ ಕಣಿವೆ. ಅಲ್ಲಿನ ನೀರು ಸೋಮವಾಹಿನಿಯಾಗಿ ಹರಿದು ಭದ್ರೆಗೆ ಸೇರುತ್ತದೆ. ಪೂರ್ವದ ಹೊರಮೈಯಿಂದ ಇಳಿಯುವ ಹಳ್ಳಗಳು ಅಯ್ಯನಕೆರೆಯಂಥ ಕೆರೆಗಳನ್ನು ತುಂಬಿಸಿ ವೇದಾವತಿಯ ಕಡೆ ಹೋಗುತ್ತವೆ. ಮುಳ್ಳಯ್ಯನಗಿರಿ 1930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಬಾಬಾಬುಡನ್‌ಗಿರಿ 1895 ಮೀಟರ್. ಚಿಕ್ಕಮಗಳೂರು ಪಟ್ಟಣ ಸುಮಾರು 1090 ಮೀಟರಿನಲ್ಲಿದೆ, ಕಡೂರು ಸುಮಾರು 760ರಲ್ಲಿ. ದಿನದ ಏರಿನ ಲೆಕ್ಕಕ್ಕೆ ಈ ನಾಲ್ಕು ಸಂಖ್ಯೆ ನೆನಪಿದ್ದರೆ ಸಾಕು.

ಶ್ರೇಣಿ ಮುಂಗಾರಿನ ಮೋಡಕ್ಕೆ ಅಡ್ಡ ನಿಂತಿರುವುದರಿಂದ ಮಳೆಯ ಹೆಚ್ಚಿನ ಪಾಲು ಪಶ್ಚಿಮಕ್ಕೇ ಸುರಿಯುತ್ತದೆ. ಸಖರಾಯಪಟ್ಟಣ, ಕಡೂರಿನ ಕಡೆ ಬಯಲುಸೀಮೆಯ ಹವೆ. ಪಟ್ಟಣದಲ್ಲಿ ಜಿಟಿಜಿಟಿ ಮಳೆ ಇರುವಾಗ ಇಪ್ಪತ್ತು ಕಿಲೋಮೀಟರ್ ಆಚೆ ಬಿಸಿಲಿರಬಹುದು. ಗಿರಿಯ ದಿನ ಮೋಡ ಕವಿದರೆ ನಾಲ್ಕನೆಯ ದಿನದ ಬೇಲೂರು–ಹಳೇಬೀಡು ಸುತ್ತಿನ ಜೊತೆ ದಿನ ಅದಲುಬದಲು ಮಾಡಿಕೊಳ್ಳಿ, ಯೋಜನೆಯಲ್ಲಿ ಅಷ್ಟು ಸಡಿಲ ಇರಲಿ.

ಅಕ್ಟೋಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ನಮ್ಮ ಆಯ್ಕೆ ನವೆಂಬರ್: ಕೆರೆಗಳಲ್ಲಿ ನೀರಿರುತ್ತದೆ, ಗಿರಿಯ ಹುಲ್ಲು ಇನ್ನೂ ಹಸಿರಾಗಿರುತ್ತದೆ, ರಸ್ತೆ ಒಣಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕೊಯ್ಲು ನಡೆಯುವುದರಿಂದ ತೋಟದ ರಸ್ತೆಗಳಲ್ಲಿ ಆಳುಗಳನ್ನು ಕರೆದೊಯ್ಯುವ ಜೀಪು, ಪಿಕಪ್‌ಗಳ ಓಡಾಟ ಜಾಸ್ತಿ. ಮಾರ್ಚ್ ಏಪ್ರಿಲ್‌ನ ಹದಮಳೆಯ ನಂತರ ಕಾಫಿ ಹೂವು ಬಿಟ್ಟಾಗ ತೋಟದ ನಡುವೆ ತುಳಿಯುವುದು ಸೊಗಸೇ, ಆದರೆ ಹೂವು ನಿಲ್ಲುವುದು ಕೆಲವೇ ದಿನ, ಬಯಲಿನ ಕಡೆ ಬಿಸಿಲೂ ಏರಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿರಿಯ ರಸ್ತೆ ಬೇಡ. ಮಂಜಿನಲ್ಲಿ ಹತ್ತು ಮೀಟರ್ ಮುಂದಿನದೂ ಕಾಣದಿರುವುದು ಸಾಮಾನ್ಯ, ಗುಡ್ಡ ಕುಸಿದು ರಸ್ತೆ ಮುಚ್ಚುವುದೂ ಉಂಟು.

ದಿನಾಂಕ ಗೊತ್ತು ಮಾಡುವ ಮುಂಚೆ ಎರಡು ಹಬ್ಬಗಳನ್ನು ಗಮನಿಸಿ. ದೀಪಾವಳಿಯ ಹೊತ್ತಿಗೆ ಮಲ್ಲೇನಹಳ್ಳಿಯ ಬಿಂಡಿಗ ದೇವೀರಮ್ಮನ ಬೆಟ್ಟಕ್ಕೆ ಸಾವಿರಾರು ಜನ ಹತ್ತುತ್ತಾರೆ, ಗಿರಿಯ ಘಾಟಿ ಶುರುವಾಗುವ ಕೈಮರದ ಕಡೆಯ ರಸ್ತೆ ಕಿಕ್ಕಿರಿಯುತ್ತದೆ. ಡಿಸೆಂಬರ್‌ನ ದತ್ತ ಜಯಂತಿಯ ದಿನಗಳಲ್ಲಿ ಬಾಬಾಬುಡನ್‌ಗಿರಿ ಭಾಗಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ. ಶನಿವಾರ, ಭಾನುವಾರ ಗಿರಿಗೆ ಕಾರುಗಳ ಸಾಲು, ಆದ್ದರಿಂದ ಗಿರಿಯ ದಿನ ವಾರದ ನಡುವೆ ಬರುವಂತೆ ನೋಡಿಕೊಳ್ಳಿ.

ಯಾವ ಸೈಕಲ್, ಯಾವ ಗೇರ್

ಏರು ಹತ್ತುವುದು ಗೇರಿನ ಲೆಕ್ಕ. ಸವಾರ, ಸೈಕಲ್, ಸಾಮಾನು ಸೇರಿ 85 ಕಿಲೋ ತೂಕವಿದೆ, ರಸ್ತೆಯ ಏರು ಶೇ. 8 ಎಂದುಕೊಳ್ಳಿ. ರೋಡ್ ಬೈಕಿನ ಮುಂದಿನ ಸಣ್ಣ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ 28 ಹಲ್ಲು ಇದ್ದರೆ, ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9 ಕಿಲೋಮೀಟರ್ ವೇಗ, ಅದಕ್ಕೆ 170 ವ್ಯಾಟ್‌ಗೂ ಹೆಚ್ಚು ಶಕ್ತಿ ಬೇಕು. ಅಭ್ಯಾಸವಿಲ್ಲದವರಿಗೆ ಅದನ್ನು ಒಂದು ಗಂಟೆ ಕೊಡುವುದು ಕಷ್ಟ. ಆಗ ಅವರು ನಿಮಿಷಕ್ಕೆ 40 ಸುತ್ತಿಗೆ ಇಳಿಯುತ್ತಾರೆ, ಪ್ರತಿ ತುಳಿತದ ಭಾರವೂ ಮಂಡಿಯ ಮೇಲೆ ಬೀಳುತ್ತದೆ. ಮಂಡಿನೋವಿನ ಮೂಲ ಇದೇ.

ಹಿಂದೆ 34 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಹಾಕಿಸಿದರೆ ಅದೇ ಏರಿಗೆ, ಅದೇ 60 ಸುತ್ತಿಗೆ, 150 ವ್ಯಾಟಿನಷ್ಟು ಸಾಕು. ಮುಂದೆ 22, ಹಿಂದೆ 34 ಹಲ್ಲಿನ ಎಂಟಿಬಿಯಲ್ಲಿ, ಅಂದರೆ ಬೆಟ್ಟದ ಸೈಕಲ್ಲಿನಲ್ಲಿ, ನೂರು ವ್ಯಾಟ್‌ಗೂ ಕಡಿಮೆ. ವೇಗ ಗಂಟೆಗೆ ಐದು ಕಿಲೋಮೀಟರಿಗೆ ಇಳಿಯುತ್ತದೆ ನಿಜ, ಆದರೆ ಕೂತುಕೊಂಡೇ ಮೇಲೆ ಮುಟ್ಟಬಹುದು. ಮುಂದಿನ ಸಣ್ಣ ಚಕ್ರದ ಹಲ್ಲು ಹಿಂದಿನ ದೊಡ್ಡ ಚಕ್ರದ ಹಲ್ಲಿಗಿಂತ ಹೆಚ್ಚಿಲ್ಲದ ಸೈಕಲ್ಲನ್ನೇ ಈ ಗಿರಿಗೆ ತನ್ನಿ. ಗೇರಿಲ್ಲದ ಸೈಕಲ್ಲಿನಲ್ಲಿ ಕೆರೆಯ ದಾರಿಗಳನ್ನು ಮಾಡಬಹುದು, ಗಿರಿಗೆ ಅದು ಬೇಡ.

ಕ್ಯಾಸೆಟ್ ಬದಲಿಸುವವರಿಗೆ ಒಂದು ಮಾತು. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ, ಗಿಡ್ಡ ತೋಳಿನ ರೋಡ್ ಡಿರೇಲರ್‌ಗಳು ಸಾಮಾನ್ಯವಾಗಿ 28 ಅಥವಾ 30 ಹಲ್ಲಿನವರೆಗೆ ಮಾತ್ರ ತಾಳುತ್ತವೆ. 34ಕ್ಕೆ ಉದ್ದ ತೋಳಿನದು ಬೇಕು, ಚೈನೂ ಕೆಲವು ಕೊಂಡಿಯಷ್ಟು ಉದ್ದವಾಗಬೇಕು. ಹಳೆಯ ಚೈನನ್ನೇ ಬಿಟ್ಟು ದೊಡ್ಡ ಚಕ್ರಕ್ಕೆ ಏರಿಸಿದರೆ ಡಿರೇಲರ್ ಮುಂದಕ್ಕೆ ಎಳೆದು, ಅದನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತದೆ. ಕೆಲಸವನ್ನು ಊರಲ್ಲೇ ಮಾಡಿಸಿ, ಐವತ್ತು ಕಿಲೋಮೀಟರಾದರೂ ಓಡಿಸಿ ಬನ್ನಿ. ಗೇರ್ ಸೈಕಲ್ಲಿನ ಬಿಡಿಭಾಗ ಎಲ್ಲ ಊರಲ್ಲೂ ಸಿಗುವ ವಸ್ತುವಲ್ಲ.

ಟೈರು 28 ಮಿಲಿಮೀಟರಿಗಿಂತ ಸಣ್ಣದಾಗಿದ್ದರೆ ತೋಟದ ರಸ್ತೆಗಳ ಕಿತ್ತ ಡಾಂಬರಿನಲ್ಲಿ ಕಷ್ಟ. 35ರಿಂದ 40 ಮಿ.ಮೀ. ಇಲ್ಲಿಗೆ ಹೇಳಿ ಮಾಡಿಸಿದ ಅಳತೆ. 70 ಕಿಲೋ ತೂಗುವವರು 28 ಮಿ.ಮೀ. ಟೈರಿಗೆ ಮುಂದೆ 75, ಹಿಂದೆ 80 ಪಿಎಸ್‌ಐ ಗಾಳಿ ಇಡಲಿ. 40 ಮಿ.ಮೀ.ಗೆ 40 ಮತ್ತು 45, ಎಂಟಿಬಿಯ 2.1 ಇಂಚಿಗೆ 28ರಿಂದ 32 ಸಾಕು. ಕಲ್ಲಿನಂತೆ ಗಟ್ಟಿಯಾಗಿ ತುಂಬಿಸಿದರೆ ಜಲ್ಲಿಯ ಮೇಲೆ ಚಕ್ರ ಪುಟಿದು ಹಿಡಿತ ತಪ್ಪುತ್ತದೆ. ತೀರಾ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬು ಸಿಕ್ಕಿ ಎರಡು ಕಡೆ ಸೀಳುತ್ತದೆ.

ಹೊರಡುವ ಮುಂಚಿನ ತಪಾಸಣೆ

ಹೊರಡುವ ಒಂದು ವಾರ ಮೊದಲೇ ಈ ಕ್ರಮದಲ್ಲಿ ನೋಡಿ, ಬೇಕಾದ ಭಾಗ ತರಿಸಲು ಸಮಯ ಉಳಿಯುತ್ತದೆ.

1. ಬ್ರೇಕ್: ಡಿಸ್ಕ್ ಪ್ಯಾಡಿನ ಉಜ್ಜುವ ಪದರ ಒಂದು ಮಿಲಿಮೀಟರಿಗೆ ಇಳಿದಿದ್ದರೆ ಬದಲಿಸಿ. ರಿಮ್ ಬ್ರೇಕ್ ಆದರೆ ರಬ್ಬರಿನ ಮೇಲಿನ ಗೀರುಗಳು ಇನ್ನೂ ಕಾಣುತ್ತಿರಬೇಕು. ರಬ್ಬರಿಗೆ ಚುಚ್ಚಿಕೊಂಡ ಲೋಹದ ಚೂರುಗಳನ್ನು ಪಿನ್ನಿನಿಂದ ಕೀಳಿ. ಲಿವರ್ ಪೂರ್ತಿ ಒತ್ತಿದಾಗ ಹ್ಯಾಂಡಲ್ಲಿಗೆ ತಾಗಬಾರದು.

2. ಹ್ಯಾಂಗರ್ ಮತ್ತು ಒಳಮಿತಿಯ ಸ್ಕ್ರೂ: ಹಿಂದಿನಿಂದ ನೋಡಿದಾಗ ಡಿರೇಲರ್‌ನ ತೋಳು ಕ್ಯಾಸೆಟ್ಟಿಗೆ ಸಮಾನಾಂತರವಾಗಿರಬೇಕು. ಎಲ್ ಗುರುತಿನ ಸ್ಕ್ರೂ ಸರಿಯಿಲ್ಲದಿದ್ದರೆ ಘಾಟಿಯಲ್ಲಿ ಅತಿ ಹಗುರ ಗೇರಿಗೆ ಹಾಕಿದ ಕ್ಷಣ ಚೈನು ದೊಡ್ಡ ಚಕ್ರದಾಚೆ ಕಡ್ಡಿಗಳ ಮಧ್ಯೆ ಬೀಳುತ್ತದೆ, ಡಿರೇಲರ್ ಕಡ್ಡಿಗೆ ಸಿಕ್ಕಿ ಒಡೆಯುತ್ತದೆ. ಬಯಲಿನಲ್ಲಿ ಆ ಗೇರು ಬಳಸದವರಿಗೆ ಈ ದೋಷ ಗಿರಿಯವರೆಗೂ ಗೊತ್ತಾಗುವುದೇ ಇಲ್ಲ.

3. ಚೈನ್: ಸವೆತ ಅಳೆಯುವ ಪಟ್ಟಿಯಲ್ಲಿ 0.75 ದಾಟಿದ್ದರೆ ಬದಲಾಯಿಸಿ. ಸವೆದ ಚೈನು ಭಾರ ಬಿದ್ದಾಗ ಹಲ್ಲಿನ ಮೇಲೆ ಜಾರುತ್ತದೆ.

4. ಚಕ್ರ: ಪ್ರತಿ ಕಡ್ಡಿಯನ್ನೂ ಕೈಯಲ್ಲಿ ಒತ್ತಿ ನೋಡಿ. ಸಡಿಲ ಕಡ್ಡಿ ಒಂದಿದ್ದರೆ ಅದರ ಅಕ್ಕಪಕ್ಕದವು ಮುರಿಯುತ್ತವೆ.

ಜೊತೆಗೆ ಬೇಕಾದದ್ದು: ಎರಡು ಟ್ಯೂಬು, ಪ್ಯಾಚು, ಟೈರ್ ಲಿವರ್, ಪಂಪು, ಚೈನ್ ಕಳಚುವ ಸಾಧನವಿರುವ ಮಲ್ಟಿಟೂಲ್, ನಿಮ್ಮ ಚೈನಿನ ಸ್ಪೀಡಿಗೆ, ಅಂದರೆ ಹಿಂದಿನ ಗೇರುಗಳ ಸಂಖ್ಯೆಗೆ, ಹೊಂದುವ ಕ್ವಿಕ್ ಲಿಂಕ್ ಎಂಬ ಜೋಡಣೆ ಕೊಂಡಿ (9 ಸ್ಪೀಡಿನದು 11ಕ್ಕೆ ಆಗದು), ನಿಮ್ಮದೇ ಮಾದರಿಯ ಹ್ಯಾಂಗರ್, ಒಂದು ಜೊತೆ ಬ್ರೇಕ್ ಪ್ಯಾಡು, ಒಂದಷ್ಟು ಪ್ಲಾಸ್ಟಿಕ್ ಕಟ್ಟುಪಟ್ಟಿ. ಹೆಲ್ಮೆಟ್ ಹೇಳಬೇಕಾಗಿಯೇ ಇಲ್ಲ. ಹಿಂಬದಿಯ ಕೆಂಪು ದೀಪ ಹಗಲಿನಲ್ಲೂ ಉರಿಯುತ್ತಿರಲಿ. ಗಾಳಿ ತಡೆಯುವ ತೆಳು ಜಾಕೆಟ್ಟೂ ಬೆರಳು ಮುಚ್ಚುವ ಕೈಗವಸೂ ಇಳಿಯುವಾಗ ಬೇಕು: ಹತ್ತುವಾಗ ಬೆವರಿನಿಂದ ಒದ್ದೆಯಾದ ಅಂಗಿ ಇಳಿಯುವ ಗಾಳಿಗೆ ಮೈ ನಡುಗಿಸುತ್ತದೆ, ಮರಗಟ್ಟಿದ ಬೆರಳಿಗೆ ಬ್ರೇಕಿನ ಅಂದಾಜು ಸಿಗುವುದಿಲ್ಲ.

ಸೈಕಲ್ ಸಾಗಿಸುವುದು

ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದ ಕಡೂರು ನಿಲ್ದಾಣದಲ್ಲಿ ಇಳಿದು ಅಲ್ಲಿಂದಲೇ ತುಳಿಯಲು ಶುರುಮಾಡುವುದು ನಮ್ಮ ಸಲಹೆ. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಿಂದ ರೈಲಿದೆ, ಆದರೆ ಗಾಡಿಗಳು ಕಡಿಮೆ.

ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ, ನಿಮ್ಮ ಟಿಕೆಟ್ ತೋರಿಸಿ, ಅದೇ ಗಾಡಿಯ ಲಗೇಜಾಗಿ ಬುಕ್ ಮಾಡಿಸಿ. ಎರಡು ಗಂಟೆ ಮುಂಚೆ ಹೋಗಿ. ‘ಪಾರ್ಸೆಲ್’ ಎಂದು ಬುಕ್ಕಾದರೆ ಅದು ಬೇರೆ ಗಾಡಿಯಲ್ಲಿ, ಬೇರೆ ದಿನ ಬರಬಹುದು. ಕಡೂರಿನಲ್ಲಿ ಗಾಡಿ ನಿಲ್ಲುವುದು ಕೆಲವೇ ನಿಮಿಷ. ಲಗೇಜ್ ಬೋಗಿ ಮುಂದಿದೆಯೋ ಹಿಂದಿದೆಯೋ ಮೊದಲೇ ನೋಡಿಕೊಂಡು, ಹಿಂದಿನ ನಿಲ್ದಾಣ ದಾಟಿದ ಕೂಡಲೇ ಆ ಕಡೆಯ ಬಾಗಿಲಿಗೆ ಹೋಗಿ ನಿಲ್ಲಿ. ರಸೀದಿ ಕೈಯಲ್ಲಿರಲಿ. ಪೆಡಲು ಬಿಚ್ಚಿ, ಡಿರೇಲರಿಗೆ ಹಳೆಯ ಬಟ್ಟೆ ಸುತ್ತಿ, ಹ್ಯಾಂಡಲ್ಲಿಗೆ ಹೆಸರು, ಇಳಿಯುವ ಊರು ಬರೆದ ಚೀಟಿ ಕಟ್ಟಿ.

ಬಸ್ಸಿನ ಡಿಕ್ಕಿಯಲ್ಲಿ ಹಾಕುವುದಾದರೆ ಮುಂದಿನ ಚಕ್ರ ಬಿಚ್ಚಿ ಡಿರೇಲರ್ ಇರುವ ಬದಿ ಮೇಲೆ ಬರುವಂತೆ ಮಲಗಿಸಬೇಕು. ಹೈಡ್ರಾಲಿಕ್ ಡಿಸ್ಕ್ ಇದ್ದರೆ ಪ್ಯಾಡುಗಳ ನಡುವೆ ಮಡಚಿದ ರಟ್ಟು ಸಿಕ್ಕಿಸಿ. ಚಕ್ರವಿಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪ್ಯಾಡುಗಳು ಅಂಟಿಕೊಂಡು ಚಕ್ರ ಒಳಗೆ ಕೂರುವುದಿಲ್ಲ.

ಮೊದಲ ದಿನ: ಕಡೂರು – ಅಯ್ಯನಕೆರೆ – ಚಿಕ್ಕಮಗಳೂರು
ಸುಮಾರು 55 ಕಿ.ಮೀ., ಒಟ್ಟು ಏರು 400–500 ಮೀ.

ಕಡೂರಿನಿಂದ ಸಖರಾಯಪಟ್ಟಣಕ್ಕೆ ಇಪ್ಪತ್ತು ಕಿಲೋಮೀಟರ್ ಹೆದ್ದಾರಿ. ತೆಂಗಿನ ತೋಟ, ಹೊಲ, ದೂರದಲ್ಲಿ ಗಿರಿಯ ನೀಲಿ ಗೆರೆ. ರಸ್ತೆ ಕಣ್ಣಿಗೆ ಸಮತಟ್ಟಾಗಿ ಕಂಡರೂ ಉದ್ದಕ್ಕೂ ಸಣ್ಣ ಏರಿದೆ, ವೇಗ ಕಡಿಮೆಯಾಯಿತೆಂದು ಬ್ರೇಕ್ ಉಜ್ಜುತ್ತಿದೆಯೇ ಎಂದು ಅನುಮಾನಪಡುವುದು ಬೇಡ. ರಸ್ತೆಯಂಚಿನಲ್ಲಿ ಜಾಲಿಮುಳ್ಳು ಬಿದ್ದಿರುತ್ತದೆ. ಸೈಕಲ್ಲನ್ನು ಪೊದೆಯ ಪಕ್ಕ ಇಳಿಸಿ ನಿಲ್ಲಿಸಿದಾಗಲೇ ಪಂಕ್ಚರ್ ಹೆಚ್ಚು. ಬಯಲಿನ ಭಾಗದಲ್ಲಿ ಪಂಕ್ಚರಾದರೆ ಟ್ಯೂಬು ಬದಲಿಸುವ ಮುಂಚೆ ಟೈರಿನ ಒಳಮೈಯನ್ನು ಬೆರಳಿನಿಂದ ಪೂರ್ತಿ ಸವರಿ, ಮುರಿದು ಉಳಿದ ಮುಳ್ಳಿನ ತುದಿ ಸಿಗದೆ ಹೊಸ ಟ್ಯೂಬು ಹಾಕಿದರೆ ಅದೂ ಹೋಗುತ್ತದೆ.

ಸಖರಾಯಪಟ್ಟಣದಲ್ಲಿ ತಿಂಡಿ ಮುಗಿಸಿ, ನೀರು ತುಂಬಿಸಿ, ಹೆದ್ದಾರಿ ಬಿಟ್ಟು ಬೆಟ್ಟದ ಕಡೆ ತಿರುಗಿ. ಆರೇಳು ಕಿಲೋಮೀಟರಿಗೆ ಅಯ್ಯನಕೆರೆ. ರುಕ್ಮಾಂಗದರಾಯ ಕಟ್ಟಿಸಿದನೆಂದು ಹೇಳುವ ಈ ಕೆರೆ 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ಜೀರ್ಣೋದ್ಧಾರವಾಯಿತು. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ಹಳ್ಳವನ್ನು ನಿಲ್ಲಿಸಿದ್ದಾರೆ, ತೂಬಿನಿಂದ ಬಿಟ್ಟ ನೀರು ಕೆಳಗಿನ ಗದ್ದೆ ತೋಟಗಳಿಗೆ ಇಂದಿಗೂ ಹೋಗುತ್ತದೆ. ನೀರಿನಾಚೆ ಶಕುನಗಿರಿ ಗೋಪುರದಂತೆ ನಿಂತಿದೆ. ಗಾಳಿ ಏಳುವ ಮುಂಚೆ, ಹತ್ತು ಗಂಟೆಯ ಒಳಗೆ ಮುಟ್ಟಿದರೆ ಬೆಟ್ಟ ಪೂರ್ತಿ ನೀರಿನಲ್ಲಿ ಕಾಣುತ್ತದೆ. ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ನಡೆಯಿರಿ. ಮಳೆಗಾಲ ಚೆನ್ನಾಗಿ ಆದ ವರ್ಷ ಕೋಡಿ ಬಿದ್ದು ನೀರು ಹರಿಯುತ್ತಿರುತ್ತದೆ, ಪಾಚಿ ಕಟ್ಟಿದ ಆ ಕಲ್ಲುಗಳ ಮೇಲೆ ಚಕ್ರ ನಿಲ್ಲುವುದಿಲ್ಲ, ಸೈಕಲ್ ಶೂ ಅಂತೂ ನಿಲ್ಲುವುದೇ ಇಲ್ಲ.

ವಾಪಸ್ ಸಖರಾಯಪಟ್ಟಣಕ್ಕೆ ಬಂದು ಹೆದ್ದಾರಿ ಹಿಡಿದು ಪಟ್ಟಣಕ್ಕೆ. ಏರಿನ ಹೆಚ್ಚಿನ ಪಾಲು ಈ ಕೊನೆಯ ಇಪ್ಪತ್ತು ಕಿಲೋಮೀಟರಿನಲ್ಲಿದೆ, ಮಧ್ಯಾಹ್ನದ ಬಿಸಿಲೂ ಸೇರುತ್ತದೆ. ಮಧ್ಯಾಹ್ನ ಒಂದರೊಳಗೆ ಪಟ್ಟಣ ಮುಟ್ಟುವಂತೆ ಲೆಕ್ಕ ಹಾಕಿ.

ಎರಡನೆಯ ದಿನ: ಹಿರೇಕೊಳಲೆ
ಹೋಗಿ ಬರಲು ಸುಮಾರು 20 ಕಿ.ಮೀ.

ದೂರ ಕಡಿಮೆ ಇರುವುದು ಬೇಕೆಂದೇ. ಬೆಳಕು ಹರಿಯುವಾಗ ಹೊರಟರೆ ಕಾಫಿ ತೋಟಗಳ ನಡುವಿನ ಸಣ್ಣ ರಸ್ತೆಯಲ್ಲಿ ಮುಕ್ಕಾಲು ಗಂಟೆಗೆ ಕೆರೆ ಸಿಗುತ್ತದೆ. ಸಿಲ್ವರ್ ಓಕ್ ಮರಗಳ ನೆರಳು, ಸಣ್ಣ ಏರಿಳಿತ, ಕೊನೆಗೆ ಒಮ್ಮೆಲೇ ತೆರೆದುಕೊಳ್ಳುವ ನೀರು, ಅದರ ಹಿಂದೆ ಗಿರಿಯ ಸಾಲು. ಈ ನಾಲ್ಕು ದಾರಿಗಳಲ್ಲಿ ಒಂದನ್ನೇ ಮಕ್ಕಳ ಜೊತೆ ಮಾಡಬೇಕೆಂದರೆ ಇದನ್ನೇ ಹೇಳುತ್ತೇವೆ. ನೀರಿಗೆ ಇಳಿಯಬೇಡಿ, ದಡ ಕಡಿದಾಗಿದೆ, ಕೆಸರು ಆಳವಿದೆ. ತೋಟಗಳ ಒಳದಾರಿಗಳು ಖಾಸಗಿಯವು, ಗೇಟು ತೆರೆದಿದ್ದರೂ ಕೇಳದೆ ಒಳಹೋಗಬಾರದು.

ಮರುದಿನದ ಘಾಟಿಗೆ ಬೇಕಾದ ಪರೀಕ್ಷೆಯನ್ನು ಇಲ್ಲಿ ಮಾಡಿ. ಯಾವುದಾದರೂ ಸಣ್ಣ ಏರಿನಲ್ಲಿ ಅತಿ ಹಗುರ ಗೇರಿಗೆ ಹೋಗಿ, ಐದು ನಿಮಿಷ ಅದರಲ್ಲೇ ತುಳಿಯಿರಿ. ಕಟಕಟ ಸದ್ದು ಬಂದರೆ ಹಿಂದಿನ ಕೇಬಲ್ಲಿನ ಹೊಂದಿಸುವ ತಿರುಪನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ ಸರಿಪಡಿಸಿ. ಇಳಿಜಾರಿನಲ್ಲಿ ಒಂದೊಂದೇ ಬ್ರೇಕಿನಿಂದ ನಿಲ್ಲಿಸಿ ನೋಡಿ. ಮಧ್ಯಾಹ್ನದ ಮೇಲೆ ವಿಶ್ರಾಂತಿ. ಸಂಜೆ ಬೇಸರವಾದರೆ ಪಟ್ಟಣದೊಳಗಿನ ಬಸವನಹಳ್ಳಿ ಕೆರೆ, ಕೋಟೆ ಕೆರೆಯ ಕಡೆ ಒಂದು ಸುತ್ತು ಹಾಕಬಹುದು.

ಮೂರನೆಯ ದಿನ: ಮುಳ್ಳಯ್ಯನಗಿರಿ ಅಥವಾ ಬಾಬಾಬುಡನ್‌ಗಿರಿ

ಎರಡಕ್ಕೂ ದಾರಿ ಕೈಮರದ ಚೆಕ್‌ಪೋಸ್ಟ್ ಮೂಲಕವೇ. ಅಲ್ಲಿಂದ ಘಾಟಿ ಶುರು. ಮೇಲೆ ರಸ್ತೆ ಕವಲೊಡೆಯುತ್ತದೆ: ಒಂದು ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿಗೆ, ಇನ್ನೊಂದು ಅತ್ತಿಗುಂಡಿಯ ಮೂಲಕ ಬಾಬಾಬುಡನ್‌ಗಿರಿಗೆ. ಪಟ್ಟಣದಿಂದ ಮುಳ್ಳಯ್ಯನಗಿರಿಗೆ ಇಪ್ಪತ್ತೆರಡು ಕಿಲೋಮೀಟರಿನಷ್ಟು, ಬಾಬಾಬುಡನ್‌ಗಿರಿಗೆ ಮೂವತ್ತರ ಹತ್ತಿರ. ಒಂದೇ ದಿನ ಎರಡನ್ನೂ ಮಾಡುವವರಿದ್ದಾರೆ. ಘಾಟಿಯ ಅಭ್ಯಾಸ ಇಲ್ಲದವರು ಒಂದನ್ನು ಆರಿಸಿಕೊಳ್ಳಿ. ಎತ್ತರದ ಆಸೆಯಿದ್ದರೆ ಮುಳ್ಳಯ್ಯನಗಿರಿ. ಸವಾರಿಯ ಸುಖ ಬೇಕಿದ್ದರೆ ಬಾಬಾಬುಡನ್‌ಗಿರಿಯೇ ಮೇಲು, ಏಕೆಂದರೆ ಕವಲಿನ ನಂತರ ರಸ್ತೆ ಬೆಟ್ಟದ ಸೊಂಟದಲ್ಲಿ ಏರಿಳಿಯುತ್ತಾ ಸಾಗುತ್ತದೆ, ಉಸಿರು ಬಿಡಲು ಜಾಗವಿರುತ್ತದೆ, ನೋಟ ಎಲ್ಲೂ ಮುಚ್ಚುವುದಿಲ್ಲ.

ಗಿರಿಗೆ ಹೋಗುವ ಪ್ರವಾಸಿ ವಾಹನಗಳ ಸಂಖ್ಯೆಗೆ ಜಿಲ್ಲಾಡಳಿತ ಮಿತಿ ಹಾಕಿದೆ. ಜೊತೆಗೆ ಕಾರು ಬರುವುದಿದ್ದರೆ ಆನ್‌ಲೈನಿನಲ್ಲಿ ಮುಂಗಡ ನೋಂದಣಿ ಮಾಡಿಸಿರಬೇಕು. ಸೈಕಲ್ಲಿನವರು ಹಿಂದಿನ ದಿನವೇ ಚೆಕ್‌ಪೋಸ್ಟಿನಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು, ಮಳೆ ಅಥವಾ ಕಾಮಗಾರಿಯಿಂದ ರಸ್ತೆ ಮುಚ್ಚಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ.

*ಏರುವುದು.* ಬೆಳಿಗ್ಗೆ ಆರರ ಹೊತ್ತಿಗೆ ಕೈಮರದಲ್ಲಿರಿ. ಪಟ್ಟಣದಿಂದ ಅಲ್ಲಿಯವರೆಗೆ ಏರಿಳಿತ ಸಣ್ಣದು, ಮೈ ಬಿಸಿಯಾಗಲು ಅಷ್ಟು ಸಾಕು. ರಸ್ತೆ ಮುಗಿಯುವ ಜಾಗಕ್ಕೆ ಪಟ್ಟಣದಿಂದ ಸುಮಾರು 750 ಮೀಟರ್ ಏರಬೇಕು, ಅದರಲ್ಲಿ ಬಹುಪಾಲು ಕೈಮರದ ನಂತರದ ಹನ್ನೆರಡು ಕಿಲೋಮೀಟರಿನಲ್ಲಿದೆ. ಸರಾಸರಿ ಶೇ. 6 ಎಂದಾಗುತ್ತದೆ, ತಿರುವುಗಳಲ್ಲಿ ಶೇ. 10 ದಾಟುತ್ತದೆ. ಗಂಟೆಗೆ ಏಳು ಕಿಲೋಮೀಟರ್ ಹಿಡಿದರೂ ಒಂದೂಮುಕ್ಕಾಲು ಗಂಟೆ.

ಮೊದಲ ಹದಿನೈದು ನಿಮಿಷ ಬೇಕೆಂದೇ ನಿಧಾನ ಹೋಗಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ಒಂದು ಗೇರು ಹಗುರಮಾಡಿ. ಗೇರನ್ನು ತಿರುವಿಗೆ ಹತ್ತು ಮೀಟರ್ ಮುಂಚೆಯೇ, ಪೆಡಲಿನ ಒತ್ತಡವನ್ನು ಅರೆಕ್ಷಣ ಸಡಿಲಿಸಿ, ಬದಲಿಸಿ. ಏರಿನ ನಡುವೆ ಪೂರ್ತಿ ತೂಕ ಹಾಕಿ ತುಳಿಯುತ್ತಾ ಬದಲಿಸಿದಾಗ ಚೈನಿನ ಪಿನ್ನು ಕಳಚಿ ತುಂಡಾಗುತ್ತದೆ. ಎಡಕ್ಕೆ ತಿರುಗುವ ಹೇರ್‌ಪಿನ್ನಿನಲ್ಲಿ ನಮ್ಮ ಬದಿಯೇ ಒಳಬದಿ, ಅತಿ ಕಡಿದು. ಹಗುರವಾಗಲೆಂದು ರಸ್ತೆಯ ಬಲಕ್ಕೆ ಹೋಗುವ ಆಸೆ ಬರುತ್ತದೆ. ಎದುರಿನ ವಾಹನ ಕಾಣದ ತಿರುವಿನಲ್ಲಿ ಹಾಗೆ ಮಾಡಬೇಡಿ. ಆಗದಿದ್ದರೆ ಇಳಿದು ತಳ್ಳಿ.

ಗಂಟೆಗೆ 500ರಿಂದ 750 ಮಿಲಿಲೀಟರ್ ನೀರು ಒಂದೊಂದೇ ಗುಟುಕಾಗಿ ಹೋಗಬೇಕು. ಎರಡು ಬಾಟಲಿಯಲ್ಲಿ ಒಂದಕ್ಕೆ ಉಪ್ಪು, ಸಕ್ಕರೆ, ನಿಂಬೆರಸ ಹಾಕಿ. ತಿನ್ನಲು ಏಲಕ್ಕಿ ಬಾಳೆಹಣ್ಣು, ಕಡಲೆ ಮಿಠಾಯಿ: ಅರ್ಧ ಗಂಟೆಗೊಮ್ಮೆ, ಹಸಿವಾಗುವ ಮುಂಚೆ. ಮೇಲಿನ ಅಂಗಡಿಗಳು ಅಷ್ಟು ಬೇಗ ತೆರೆದಿರುವುದಿಲ್ಲ, ಅವುಗಳನ್ನು ನಂಬಿ ಖಾಲಿ ಬಾಟಲಿಯಲ್ಲಿ ಹೋಗಬೇಡಿ.

ಸೀತಾಳಯ್ಯನಗಿರಿಯ ನಂತರದ ಎರಡು ಮೂರು ಕಿಲೋಮೀಟರ್ ಇಡೀ ದಾರಿಯಲ್ಲೇ ಕಷ್ಟದ ಭಾಗ. ರಸ್ತೆ ಕಿರಿದು, ಒಂದು ಬದಿ ಪ್ರಪಾತ, ಗಾಳಿ ಬದಿಯಿಂದ ತಳ್ಳುತ್ತದೆ. ಗಾಳಿ ಜೋರಿದ್ದರೆ ಕಣಿವೆಯ ಅಂಚಿನಿಂದ ಒಂದು ಮೀಟರ್ ಒಳಗಿರಿ. ಕಾರು ಹಿಂದೆ ಬಂದರೆ ಅಗಲವಿರುವ ಜಾಗ ನೋಡಿ ನಿಂತು ಬಿಟ್ಟುಕೊಡಿ. ರಸ್ತೆ ಮುಗಿದ ಮೇಲೆ ಮೆಟ್ಟಿಲುಗಳಿವೆ. ಸೈಕಲ್ಲಿಗೆ ಬೀಗ ಹಾಕಿ, ಬರಿಗಾಲಿನಲ್ಲೋ ಮಾಮೂಲಿ ಚಪ್ಪಲಿಯಲ್ಲೋ ಹತ್ತಿ.

ಗಿರಿಯ ಹುಲ್ಲುಗಾವಲಿಗೆ ಸೈಕಲ್ ಇಳಿಸಬೇಡಿ. ನೋಡಲು ಗಟ್ಟಿ ನೆಲದಂತಿದ್ದರೂ ಮೇಲ್ಮಣ್ಣು ತೆಳು. ಚಕ್ರದ ಗೆರೆಯಲ್ಲಿ ಮುಂದಿನ ಮಳೆಯ ನೀರು ಹರಿದು ಕೊರಕಲು ಬೀಳುತ್ತದೆ, ಹುಲ್ಲು ಮತ್ತೆ ಹತ್ತಲು ವರ್ಷಗಳು ಬೇಕು. ಶೋಲಾ ಕಾಡೂ ಈ ಹುಲ್ಲೂ ಹಿಡಿದಿಟ್ಟ ನೀರೇ ಕೆಳಗಿನ ಕೆರೆಗಳಿಗೆ ಬರುವುದು.

ಬಾಬಾಬುಡನ್‌ಗಿರಿಯ ಕಡೆ ಹೋದವರಿಗೆ ಅತ್ತಿಗುಂಡಿಯ ಬಳಿ ಹೊನ್ನಮ್ಮನ ಹಳ್ಳದ ನೀರು ರಸ್ತೆಯ ಪಕ್ಕದಲ್ಲೇ ಬೀಳುತ್ತದೆ, ಅಲ್ಲಿ ರಸ್ತೆ ಒದ್ದೆಯಿರುವುದು ನೆನಪಿರಲಿ. ಯೆಮನ್‌ನಿಂದ ಏಳು ಕಾಫಿ ಬೀಜ ತಂದರೆಂದು ಹೇಳುವ ಬಾಬಾಬುಡನ್ ಅವರ ಹೆಸರು ಈ ಗಿರಿಗೆ ನಿಂತಿದೆ. ದತ್ತಾತ್ರೇಯ ಪೀಠವೂ ದರ್ಗಾವೂ ಆದ ಗುಹೆಗೆ ಎಲ್ಲ ಮತದವರೂ ನಡೆದುಕೊಳ್ಳುತ್ತಾರೆ. ಸೈಕಲ್ ಅಂಗಿ ಚಡ್ಡಿಯ ಮೇಲೆ ಹಾಕಲು ಒಂದು ಪ್ಯಾಂಟ್ ಇಟ್ಟುಕೊಂಡಿರಿ. ಗಾಳಿಕೆರೆಗೆ ಹೋಗುವುದು ಕಾಲ್ನಡಿಗೆಯಲ್ಲಿ.

*ಇಳಿಯುವುದು.* ಅಪಘಾತಗಳು ಆಗುವುದು ಇಲ್ಲೇ. 85 ಕಿಲೋ ತೂಕ 750 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಎರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಒಂದಷ್ಟನ್ನು ಗಾಳಿ ನುಂಗುತ್ತದೆ, ಉಳಿದದ್ದು ಪೂರ್ತಿ ಬ್ರೇಕಿನಲ್ಲಿ ಬಿಸಿಯಾಗಿ ಹೊರಬರಬೇಕು. ಹೆದರಿ ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿದವರ ರಿಮ್ ಕಾದು ಟ್ಯೂಬು ಸಿಡಿಯುತ್ತದೆ, ಡಿಸ್ಕ್ ಆದರೆ ಪ್ಯಾಡಿನ ಮೈ ಗಾಜಿನಂತೆ ನುಣುಪಾಗಿ ಹಿಡಿತ ಬಿಡುತ್ತದೆ. ನೇರ ಭಾಗದಲ್ಲಿ ಬಿಟ್ಟು, ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಎರಡು ಮೂರು ಸೆಕೆಂಡ್ ಒತ್ತಿ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಡಿ. ಬಾಗಿದ ಸೈಕಲ್ಲಿನಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ತಿರುಗುವ ಬದಿಯ ಪೆಡಲು ಮೇಲಿರಲಿ, ಕಣ್ಣು ತಿರುವಿನ ಆಚೆ ತುದಿಯಲ್ಲಿರಲಿ. ಸುಟ್ಟ ವಾಸನೆ ಬಂದರೆ ಅಥವಾ ಲಿವರ್ ಮೆತ್ತಗಾದರೆ ಹತ್ತು ನಿಮಿಷ ನಿಲ್ಲಿ. ಬಿಸಿ ಡಿಸ್ಕಿಗೆ ನೀರು ಹೊಯ್ಯಬೇಡಿ, ಸೊಟ್ಟಗಾಗುತ್ತದೆ.

ಕಿರಿದಾದ ಘಾಟಿಯಲ್ಲಿ ಏರುವವರಿಗೆ ದಾರಿ ಬಿಡಬೇಕು, ಅಂದರೆ ಇಳಿಯುವ ಸೈಕಲ್ ನಿಲ್ಲಬೇಕು. ಮರದ ನೆರಳಿನ ತಿರುವುಗಳಲ್ಲಿ ಇಬ್ಬನಿ, ಎಲೆ, ಜಲ್ಲಿಪುಡಿ ಮಧ್ಯಾಹ್ನದವರೆಗೂ ಇರುತ್ತವೆ. ಮಂಜು ಇಳಿದರೆ ಹಿಂದಿನ ದೀಪ ಉರಿಯುತ್ತಿದೆಯೇ ನೋಡಿ, ಎದುರಿನ ವಾಹನ ಕಂಡ ಮೇಲೆ ನಿಲ್ಲಲು ಆಗುವಷ್ಟೇ ವೇಗದಲ್ಲಿ ಬನ್ನಿ. ಸಂಜೆಯಾಗುವ ಮುಂಚೆ ಗಿರಿಯಿಂದ ಕೆಳಗಿರಬೇಕು: ಕಾಟಿಗಳು (ಕಾಡುಕೋಣಗಳು) ಮುಸ್ಸಂಜೆಗೆ ರಸ್ತೆಗೆ ಬರುತ್ತವೆ, ತೋಟದ ಸೀಮೆಯಲ್ಲಿ ಆನೆಗಳ ಓಡಾಟವೂ ಇದೆ. ಕಾಟಿ ಕಂಡರೆ ನಿಂತು, ಅದು ದಾಟುವವರೆಗೆ ಕಾಯಿರಿ. ಬೆಲ್ ಮಾಡುವುದು, ಪಕ್ಕದಲ್ಲಿ ನುಸುಳುವುದು ಎರಡೂ ಅಪಾಯ. ಬೆಟ್ಟದ ಮಡಿಲುಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದು. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರೆಂದು ತಂಗಿದ ಕಡೆ ಹೇಳಿರಿ. ತುರ್ತಿಗೆ 112.

ನಾಲ್ಕನೆಯ ದಿನ: ಬೇಲೂರು – ಹಳೇಬೀಡು – ಬೆಳವಾಡಿ ಸುತ್ತು
ಸುಮಾರು 80 ಕಿ.ಮೀ.

ಚಿಕ್ಕಮಗಳೂರಿನಿಂದ ಬೇಲೂರು 25 ಕಿಲೋಮೀಟರ್, ಅಲ್ಲಿಂದ ಹಳೇಬೀಡು 16, ಮುಂದೆ ಬೆಳವಾಡಿ 10ರಿಂದ 12, ವಾಪಸ್ ಪಟ್ಟಣಕ್ಕೆ 29ರಷ್ಟು. ಬೇಲೂರನ್ನು ಮೊದಲು ಇಟ್ಟುಕೊಳ್ಳಿ. ಆ ರಸ್ತೆಯಲ್ಲಿ ಪ್ರವಾಸಿ ವಾಹನ ಹೆಚ್ಚು, ಬೆಳಿಗ್ಗೆ ಏಳರೊಳಗೆ ಖಾಲಿ ಇರುತ್ತದೆ, ಸೂರ್ಯನೂ ಕಣ್ಣಿಗೆ ಹೊಡೆಯುವುದಿಲ್ಲ. ಆನೆಗಳು ತಿರುಗುವ ಸೀಮೆಯಾದ್ದರಿಂದ ಕತ್ತಲಿರುವಾಗ ಮಾತ್ರ ಹೊರಡಬಾರದು. ಬೇಲೂರಿನ ಹತ್ತಿರ ಯಗಚಿ ಜಲಾಶಯ, ಹಳೇಬೀಡಿನಲ್ಲಿ ದೇವಾಲಯದ ಬದಿಯಲ್ಲೇ ದ್ವಾರಸಮುದ್ರದ ಕೆರೆ. ಎರಡೂ ಊರಿನ ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಜನ ಅಷ್ಟಾಗಿ ಹೋಗದ ಬೆಳವಾಡಿಯ ವೀರನಾರಾಯಣ ದೇವಾಲಯವನ್ನು ಬಿಡಬೇಡಿ: ಇಮ್ಮಡಿ ವೀರಬಲ್ಲಾಳನ ಕಾಲದ ತ್ರಿಕೂಟ, ಅಂದರೆ ಮೂರು ಗರ್ಭಗುಡಿಯದು, ನುಣುಪು ಕಂಬಗಳ ವಿಶಾಲ ಮಂಟಪದೊಳಗೆ ನಡುಮಧ್ಯಾಹ್ನವೂ ತಂಪು.

ಬೆಳವಾಡಿಯ ನಂತರ ನೆರಳು ಕಡಿಮೆ, ನೀರು ಅಲ್ಲೇ ತುಂಬಿಸಿಕೊಳ್ಳಿ. ಹಳ್ಳಿಗಳ ಒಳಗೆ ಬಣ್ಣ ಬಳಿಯದ ಹಂಪುಗಳಿವೆ, ರಾಗಿ, ಹುರುಳಿ ಕೊಯ್ಲಿನ ಕಾಲದಲ್ಲಿ ರಸ್ತೆಯ ಮೇಲೇ ಒಕ್ಕಣೆಗೆ ತೆನೆ ಹರಡಿರುತ್ತಾರೆ. ಹುರುಳಿ ಬಳ್ಳಿಯ ಮೇಲೆ ಸೈಕಲ್ ಓಡಿಸಿದರೆ ಚೈನು, ಡಿರೇಲರಿಗೆ ಸುತ್ತಿಕೊಂಡು ಹ್ಯಾಂಗರ್ ಮುರಿಯುವ ಸಂಭವ ಇದೆ. ಇಳಿದು ಎತ್ತಿಕೊಂಡು ದಾಟಿ. ನಾಯಿ ಬೆನ್ನಟ್ಟಿದರೆ ವೇಗ ಹೆಚ್ಚಿಸುವ ಬದಲು ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ, ಹೆಚ್ಚಿನವು ಅಲ್ಲಿಗೇ ಬಿಡುತ್ತವೆ.

ಗಂಟೆಗೆ 18 ಕಿಲೋಮೀಟರಿನಂತೆ ತುಳಿಯುವುದು ನಾಲ್ಕೂವರೆ ಗಂಟೆ, ದೇವಾಲಯಗಳಿಗೆ ಎರಡೂವರೆ ಗಂಟೆ. ಆರೂವರೆಗೆ ಹೊರಟವರು ಎರಡು ಗಂಟೆಯೊಳಗೆ ಊಟಕ್ಕೆ ಪಟ್ಟಣದಲ್ಲಿರುತ್ತಾರೆ.

ವಾಪಸ್ ರೈಲಿಗೆ ಹಾಕುವ ಮುಂಚೆ ಚೈನನ್ನು ಒಣಬಟ್ಟೆಯಲ್ಲಿ ಒರೆಸಿ ಪ್ರತಿ ಕೊಂಡಿಗೂ ಒಂದು ಹನಿ ಎಣ್ಣೆ ಬಿಡಿ, ಮಲೆನಾಡಿನ ಇಬ್ಬನಿಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ಪ್ಯಾಡಿನ ದಪ್ಪವನ್ನು ಮತ್ತೊಮ್ಮೆ ಅಳೆದು ಹೊರಡುವಾಗಿನ ಅಳತೆಯ ಪಕ್ಕ ಬರೆದಿಡಿ. ಮುಂದಿನ ಬಾರಿ ಘಾಟಿಗೆ ಹೊರಡುವಾಗ ಹೊಸ ಪ್ಯಾಡು ಬೇಕೋ ಬೇಡವೋ ಎಂದು ಆ ಎರಡು ಅಂಕಿಯಿಂದ ನಿರ್ಧರಿಸಬಹುದು.